ನೋಟದ ಬೆಲೆ ಮತ್ತು ಓಟದ ಬೆಲೆ

ಒಂದೇ ಮೂಲ ಎಂಜಿನ್ನಿನ ಪ್ರತಿಕೃತಿಗಳಾದ, ಒಂದೇ ಅಳತೆಯ, ಒಂದೇ ಹಳಿಯ ಮೇಲೆ ಓಡುವ ಎರಡು ಮಾದರಿ ರೈಲು ಎಂಜಿನ್ನುಗಳಲ್ಲಿ ಒಂದರ ಬೆಲೆ ಇನ್ನೊಂದರ ಎರಡರಷ್ಟು, ಒಮ್ಮೊಮ್ಮೆ ಅದಕ್ಕೂ ಮಿಗಿಲಾಗಿ ಇರುವುದೇಕೆ? ಹೆಚ್ಚಿಗೆ ತೆತ್ತ ಹಣಕ್ಕೆ ಪ್ರತಿಯಾಗಿ ಕೊಳ್ಳುವವನು ಪಡೆಯುವುದೇನು? ಮೇಲುನೋಟಕ್ಕೆ ಇದು ಮಕ್ಕಳ ಆಟಿಕೆಗೆ ಸಂಬಂಧಿಸಿದ ಅಲ್ಪ ವಿಷಯವೆಂದು ತೋರಬಹುದು. ಆದರೆ ಬೆಲೆಗೂ ಗುಣಕ್ಕೂ ಇರುವ ನಂಟು ಎಂತಹುದೆಂಬ ಪ್ರಶ್ನೆಯನ್ನು ಈ ಪುಟ್ಟ ಯಂತ್ರದಷ್ಟು ಸ್ಪಷ್ಟವಾಗಿ ಮುಂದಿಡುವ ವಸ್ತುಗಳು ಕಡಮೆ. ಮೇಲಾಗಿ, ಎಷ್ಟೋ ಮನೆಗಳಲ್ಲಿ ಒಬ್ಬ ಬಾಲಕನ ಅಥವಾ ಬಾಲಕಿಯ ಕೈಗೆ ಬರುವ ಮೊದಲನೆಯ ವಿದ್ಯುದ್ಯಂತ್ರವು ಇದೇ ಆಗಿರುತ್ತದೆ. ಯಂತ್ರವೆಂಬುದು ಕಾರಣಕ್ಕೆ ತಕ್ಕ ಕಾರ್ಯವನ್ನು ಮಾಡುವ ವಸ್ತುವೋ, ಅಥವಾ ಸುಮ್ಮಸುಮ್ಮನೆ ಮೊಂಡು ಹಿಡಿಯುವ ವಸ್ತುವೋ ಎಂಬ ತೀರ್ಮಾನವನ್ನು ಆ ಮಗು ಅದರಿಂದಲೇ ಮಾಡಿಕೊಳ್ಳುತ್ತದೆ. ಹೀಗಿರುವಲ್ಲಿ ಎಂಜಿನ್ನಿನ ಆಯ್ಕೆಯನ್ನು ಅಂಗಡಿಯವನ ಮಾತಿಗೂ ಪೆಟ್ಟಿಗೆಯ ಮೇಲಿನ ಬಣ್ಣದ ಚಿತ್ರಕ್ಕೂ ಬಿಟ್ಟುಬಿಡುವುದು ಸರಿಯಲ್ಲವೆಂದು ನಾವು ಭಾವಿಸುತ್ತೇವೆ.

ಈ ಹವ್ಯಾಸದ ತವರು ಯೂರೋಪು ಮತ್ತು ಅಮೆರಿಕ. ವಿಶೇಷವಾಗಿ ಬ್ರಿಟನ್ ಮತ್ತು ಜರ್ಮನಿಗಳಲ್ಲಿ ಶಾಲೆಯ ಮಕ್ಕಳಿಂದ ಹಿಡಿದು ನಿವೃತ್ತರಾದ ಹಿರಿಯರವರೆಗೆ ಅನೇಕರು ಇದರಲ್ಲಿ ಮಗ್ನರಾಗಿರುವುದುಂಟು. ಆ ದೇಶಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳಿಗೂ, ಅಲ್ಲಿಂದ ಬರುವ ಬಂಧುಗಳ ಮೂಲಕ ನಮ್ಮ ಊರುಗಳ ಮಕ್ಕಳಿಗೂ ಇದರ ಪರಿಚಯವಾಗುತ್ತಿದೆ. ಎಲ್ಲೆಡೆಯೂ ಹವ್ಯಾಸಿಗಳಲ್ಲಿ ಎರಡು ಪಕ್ಷಗಳಿವೆ. ‘ಎಷ್ಟಾದರೂ ಆಟಿಕೆಯಲ್ಲವೇ, ಅಗ್ಗದ್ದೇ ಸಾಕು’ ಎನ್ನುವುದು ಒಂದು ಪಕ್ಷ. ‘ಹೆಚ್ಚು ಬೆಲೆ ಕೊಟ್ಟರೆ ಎಲ್ಲವೂ ಉತ್ತಮವಾಗಿಯೇ ಇರುತ್ತದೆ’ ಎನ್ನುವುದು ಇನ್ನೊಂದು. ಈ ಎರಡೂ ಪಕ್ಷಗಳು ಬೆಲೆಯನ್ನು ಒಂದೇ ಇಡಿಯಾದ ಮೊತ್ತವೆಂದು ತಿಳಿದಿರುವುದೇ ತಪ್ಪು. ಎಂಜಿನ್ನಿನ ಬೆಲೆಯಲ್ಲಿ ನೋಟಕ್ಕೆ ಸಲ್ಲುವ ಪಾಲು ಒಂದು, ಓಟಕ್ಕೆ ಸಲ್ಲುವ ಪಾಲು ಇನ್ನೊಂದು. ಇವೆರಡನ್ನೂ ಬೇರ್ಪಡಿಸಿ ನೋಡಬೇಕು, ಓಟದ ಪಾಲಿನಲ್ಲಿ ಎಂದೂ ಜಿಪುಣತನ ಮಾಡಬಾರದು, ನೋಟದ ಪಾಲನ್ನು ಅವರವರ ಅನುಕೂಲಕ್ಕೆ ಬಿಡಬೇಕು ಎಂಬುದೇ ನಮ್ಮ ವಾದ.

ಮೊದಲು ಅಳತೆಯ ವಿಚಾರವನ್ನು ತೆಗೆದುಕೊಳ್ಳೋಣ. ಯೂರೋಪು ಖಂಡದಲ್ಲಿಯೂ ಅಮೆರಿಕದಲ್ಲಿಯೂ ಹೆಚ್ಚು ಪ್ರಚಾರದಲ್ಲಿರುವ ‘ಎಚ್‌ಓ’ ಮಾದರಿಯಲ್ಲಿ ಮೂಲವಸ್ತುವಿನ ಪ್ರತಿಯೊಂದು ಉದ್ದವೂ ೮೭ರಲ್ಲಿ ಒಂದು ಭಾಗಕ್ಕೆ ಇಳಿದಿರುತ್ತದೆ. ಅಲ್ಲಿನ ನಿಜವಾದ ಹಳಿಗಳ ಅಂತರ ೧೪೩೫ ಮಿಲಿಮೀಟರು. ಅದನ್ನು ೮೭ರಿಂದ ಭಾಗಿಸಿದರೆ ೧೬.೫ ಮಿಲಿಮೀಟರು ಬರುತ್ತದೆ. ಮಾದರಿಯ ಹಳಿಗಳ ಅಂತರವೂ ಅಷ್ಟೇ. ಬ್ರಿಟನ್ನಿನಲ್ಲಿ ಬಳಕೆಯಲ್ಲಿರುವುದು ‘ಓಓ’ ಮಾದರಿ. ಇಲ್ಲಿ ಒಂದು ಅಡಿಗೆ ೪ ಮಿಲಿಮೀಟರು, ಎಂದರೆ ಸುಮಾರು ೭೬ರಲ್ಲಿ ಒಂದು ಭಾಗ. ಈ ಲೆಕ್ಕದಂತೆ ಹಳಿಗಳ ನಡುವೆ ೧೮.೮೩ ಮಿಲಿಮೀಟರು ಇರಬೇಕಾಗಿತ್ತು. ಆದರೆ ಓಓ ಎಂಜಿನ್ನುಗಳೂ ೧೬.೫ ಮಿಲಿಮೀಟರಿನ ಹಳಿಯ ಮೇಲೆಯೇ ಓಡುತ್ತವೆ. ಬ್ರಿಟಿಷ್ ಎಂಜಿನ್ನುಗಳ ಒಡಲು ಚಿಕ್ಕದಾಗಿದ್ದುದರಿಂದ ಅಂದಿನ ಮೋಟಾರುಗಳನ್ನು ಅದರೊಳಗೆ ಅಡಗಿಸಲು ಒಡಲನ್ನು ಸ್ವಲ್ಪ ಹಿಗ್ಗಿಸಿ, ಹಳಿಯನ್ನು ಮಾತ್ರ ಇದ್ದಂತೆಯೇ ಇಟ್ಟುಕೊಂಡರು. ಆದುದರಿಂದ ಅಂಗಡಿಯಲ್ಲಿ ದೊರೆಯುವ ಅತ್ಯಂತ ದುಬಾರಿಯಾದ ಓಓ ಎಂಜಿನ್ನು ಕೂಡ ತನ್ನ ಮೂಲದ ತದ್ರೂಪವಲ್ಲ. ಅದರ ಕಾಲುಗಳು ಮೈಗಿಂತ ಕಿರಿದು. ಇದನ್ನು ದೂಷಣೆಗಾಗಿ ಹೇಳುತ್ತಿಲ್ಲ. ಮಾದರಿ ಎಂಬುದೇ ಒಂದು ರಾಜಿ. ಬೆಲೆ ಎಷ್ಟೇ ಇರಲಿ, ಎಲ್ಲಿ ರಾಜಿ ಮಾಡಿಕೊಳ್ಳಬೇಕು, ಎಲ್ಲಿ ಮಾಡಿಕೊಳ್ಳಬಾರದು ಎಂಬುದೇ ಪ್ರಶ್ನೆ.

ಅಗ್ಗಕ್ಕೂ ದುಬಾರಿಗೂ ನಡೆದ ಸ್ಪರ್ಧೆ ಇಂದಿನದಲ್ಲ. ೧೯೦೧ರಲ್ಲಿ ಮೆಕ್ಯಾನೋ ಎಂಬ ಜೋಡಣೆಯ ಆಟಿಕೆಗೆ ಪೇಟೆಂಟು ಪಡೆದ ಲಿವರ್‌ಪೂಲಿನ ಫ್ರ್ಯಾಂಕ್ ಹಾರ್ನ್‌ಬಿಯವರು ೧೯೨೦ರಲ್ಲಿ ಕೀಲಿ ಕೊಟ್ಟು ಓಡಿಸುವ ರೈಲುಗಳನ್ನು ಮಾರಾಟಕ್ಕೆ ತಂದರು. ಅವರ ಮರಣಾನಂತರ ೧೯೩೮ರಲ್ಲಿ ಅವರ ಸಂಸ್ಥೆಯು ‘ಹಾರ್ನ್‌ಬಿ ಡಬ್ಲೋ’ ಎಂಬ ಹೆಸರಿನಲ್ಲಿ ಮೇಜಿನ ಮೇಲೆ ಓಡುವ ಚಿಕ್ಕ ರೈಲುಗಳನ್ನು ಹೊರಡಿಸಿತು. ಅಚ್ಚಿನಲ್ಲಿ ಎರಕ ಹೊಯ್ದ ಲೋಹದ ಒಡಲು, ಒಳ್ಳೆಯ ತೂಕ, ಗಟ್ಟಿಮುಟ್ಟಾದ ಮೋಟಾರು, ಅದಕ್ಕೆ ತಕ್ಕ ಬೆಲೆ. ಇವು ಅದರ ಲಕ್ಷಣಗಳು. ಎರಡನೆಯ ಮಹಾಯುದ್ಧದ ತರುವಾಯ ‘ಟ್ರೈಆಂಗ್’ ಹೆಸರಿನ ಸ್ಪರ್ಧಿಯೊಂದು ಕಾಣಿಸಿಕೊಂಡಿತು. ಲೈನ್ಸ್ ಬ್ರದರ್ಸ್ ಸಂಸ್ಥೆಯು ೧೯೫೧ರಲ್ಲಿ ರೋವೆಕ್ಸ್ ಎಂಬ ಚಿಕ್ಕ ಕಂಪನಿಯನ್ನು ಕೊಂಡು ಈ ಉದ್ಯಮಕ್ಕಿಳಿಯಿತು. ಅದರ ಎಂಜಿನ್ನುಗಳ ಒಡಲು ಪ್ಲಾಸ್ಟಿಕ್ಕಿನದು, ಬೆಲೆ ಕಡಮೆ. ಡಬ್ಲೋ ರೈಲುಗಳಿಗೆ ಮೂರು ಹಳಿಗಳು ಬೇಕಾಗಿದ್ದರೆ ಇವುಗಳಿಗೆ ನಿಜವಾದ ರೈಲಿನಂತೆ ಎರಡೇ ಹಳಿಗಳು ಸಾಕಾಗಿದ್ದವು. ಡಬ್ಲೋ ಎರಡು ಹಳಿಗೆ ಬಂದದ್ದು ೧೯೫೯ರಲ್ಲಿ. ಅಷ್ಟರಲ್ಲಿ ಕಾಲ ಮಿಂಚಿತ್ತು. ೧೯೬೪ರಲ್ಲಿ ಲೈನ್ಸ್ ಬ್ರದರ್ಸ್ ಸಂಸ್ಥೆಯು ಮೆಕ್ಯಾನೋ ಸಂಸ್ಥೆಯನ್ನೇ ಕೊಂಡುಕೊಂಡಿತು. ಮರುವರ್ಷ ಎರಡು ಹೆಸರುಗಳೂ ಕೂಡಿ ‘ಟ್ರೈಆಂಗ್ ಹಾರ್ನ್‌ಬಿ’ ಆಯಿತು. ಕೊನೆಗೆ ಉಳಿದುಬಂದುದು ಸೋತವನ ಹೆಸರು, ಗೆದ್ದವನ ವಿಧಾನ.

ಈ ಕಥೆಯಿಂದ ‘ಅಗ್ಗದ್ದೇ ಗೆಲ್ಲುತ್ತದೆ’ ಎಂಬ ನೀತಿಯನ್ನು ಹೊರಡಿಸುವುದು ಅವಸರದ ಮಾತಾದೀತು. ಟ್ರೈಆಂಗ್ ಉಳಿತಾಯ ಮಾಡಿದ್ದು ಮುಖ್ಯವಾಗಿ ಒಡಲಿನಲ್ಲಿ. ಲೋಹದ ಬದಲು ಪ್ಲಾಸ್ಟಿಕ್ಕು ಬಂದರೂ ಒಳಗಿನ ಮೋಟಾರು ದುಡಿಯುವ ಮೋಟಾರಾಗಿತ್ತು. ಬಿಚ್ಚಿ ಶುಚಿಮಾಡಿ, ಸವೆದ ಬ್ರಷ್ಷುಗಳನ್ನು ಬದಲಾಯಿಸಿ ಮತ್ತೆ ಓಡಿಸಬಹುದಾಗಿತ್ತು. ಅಂದಿನ ಅಂತಹ ಎಂಜಿನ್ನುಗಳು ಇಂದಿಗೂ ಓಡುತ್ತಿರುವುದು ಇದಕ್ಕೆ ಸಾಕ್ಷಿ. ನೋಟದಲ್ಲಿ ಮಿತವ್ಯಯ ಮಾಡಿ ಓಟವನ್ನು ಉಳಿಸಿಕೊಂಡ ಅಗ್ಗದ ವಸ್ತುವು ಬಾಳಿತು ಎಂಬುದೇ ಇಲ್ಲಿರುವ ಪಾಠ.

ಇಂದಿನ ತಯಾರಕರು ತಾವಾಗಿಯೇ ಈ ಎರಡು ದರ್ಜೆಗಳನ್ನು ಗೊತ್ತುಮಾಡಿಕೊಂಡಿದ್ದಾರೆ. ಹಾರ್ನ್‌ಬಿಯವರ ಅಗ್ಗದ ಶ್ರೇಣಿಗೆ ‘ರೈಲ್‌ರೋಡ್’ ಎಂದು ಹೆಸರು. ಜರ್ಮನಿಯ ಪೀಕೋ ಸಂಸ್ಥೆಯಲ್ಲಿ ‘ಹಾಬಿ’ ಮತ್ತು ‘ಎಕ್ಸ್‌ಪರ್ಟ್’ ಎಂಬ ಎರಡು ಶ್ರೇಣಿಗಳಿವೆ. ೧೯೨೩ರಲ್ಲಿ ಡಾಂಕಾಸ್ಟರಿನಲ್ಲಿ ನಿರ್ಮಾಣವಾಗಿ, ೧೯೩೪ರಲ್ಲಿ ಗಂಟೆಗೆ ನೂರು ಮೈಲಿ ವೇಗವನ್ನು ಮುಟ್ಟಿದ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಎಂಬ ಪ್ರಖ್ಯಾತ ಉಗಿ ಎಂಜಿನ್ನನ್ನು ಹಾರ್ನ್‌ಬಿಯವರು ಎರಡೂ ದರ್ಜೆಗಳಲ್ಲಿ ಮಾರಿದ್ದಾರೆ. ದುಬಾರಿಯಾದುದರಲ್ಲಿ ಕೈಹಿಡಿಕೆಯ ಪ್ರತಿಯೊಂದು ಸರಳೂ ಬೇರೆಯಾಗಿ ಜೋಡಿಸಿದ ತಂತಿ. ಚಾಲಕನ ಕೊಠಡಿಯೊಳಗೆ ಒತ್ತಡದ ಮಾಪಕಗಳಿಗೂ ಬಣ್ಣ. ಅಕ್ಷರಗಳು ಭೂತಗನ್ನಡಿಯಿಂದ ಓದುವಷ್ಟು ಸೂಕ್ಷ್ಮ. ಅಗ್ಗವಾದುದರಲ್ಲಿ ಕೈಸರಳು ಒಡಲಿನ ಅಚ್ಚಿನಲ್ಲಿಯೇ ಎದ್ದ ಗೆರೆ. ಬಣ್ಣದ ಪದರಗಳು ಕಡಮೆ. ಅಚ್ಚು ಅನೇಕ ವೇಳೆ ಹಿಂದಿನ ವರ್ಷಗಳದು. ಇವೆಲ್ಲವೂ ನೋಟದ ಮಾತು. ಒಂದೊಂದು ತಂತಿಯನ್ನೂ ಕೈಯಿಂದಲೇ ಕೂಡಿಸಬೇಕಾಗಿರುವುದರಿಂದ ಬೆಲೆಯ ವ್ಯತ್ಯಾಸದಲ್ಲಿ ಬಹುಪಾಲು ಇಲ್ಲಿಯೇ ಸಲ್ಲುತ್ತದೆ. ಓಟದ ಮಾತೇ ಬೇರೆ. ಅದನ್ನು ತಿಳಿಯಬೇಕಾದರೆ ಚಿಕ್ಕದಾದ ಯಂತ್ರಕ್ಕೆ ಪ್ರಕೃತಿಯು ಒಡ್ಡುವ ತೊಡಕುಗಳೇನೆಂಬುದನ್ನು ನೋಡಬೇಕು.

ಉದ್ದವು ೭೬ರಲ್ಲಿ ಒಂದು ಭಾಗವಾದಾಗ ಗಾತ್ರವು ೭೬ರ ಘನದಷ್ಟು ಕುಗ್ಗುತ್ತದೆ. ಎಂದರೆ ಸುಮಾರು ೪,೩೯,೦೦೦ದಲ್ಲಿ ಒಂದು ಭಾಗವಾಗುತ್ತದೆ. ಟೆಂಡರನ್ನು ಬಿಟ್ಟು ಸುಮಾರು ೯೭ ಟನ್ನು ತೂಗುವ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಈ ಲೆಕ್ಕದಲ್ಲಿ ಸುಮಾರು ೨೨೦ ಗ್ರಾಂ ತೂಗಬೇಕು. ಇಷ್ಟು ಹಗುರವಾದ ವಸ್ತು ಹಳಿಯನ್ನು ಒತ್ತುವುದೂ ಅಷ್ಟಕ್ಕಷ್ಟೆ. ಚಲನಶಕ್ತಿಯ ಗತಿ ಇನ್ನೂ ಶೋಚನೀಯ. ರಾಶಿಯು ೭೬ರ ಘನದಷ್ಟೂ, ವೇಗವು ೭೬ರಷ್ಟೂ ಇಳಿದುದರಿಂದ, ವೇಗದ ವರ್ಗವನ್ನು ಅವಲಂಬಿಸುವ ಚಲನಶಕ್ತಿಯು ೭೬ರ ಐದನೆಯ ಘಾತದಷ್ಟು, ಎಂದರೆ ಸುಮಾರು ೨೫೦ ಕೋಟಿಯಲ್ಲಿ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ಕಾಣಬಹುದು. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಹೋಗುತ್ತಿರುವ ನಿಜವಾದ ರೈಲಿನ ಎಂಜಿನ್ನು ಸಮತಟ್ಟಾದ ಹಾದಿಯಲ್ಲಿ ಎಳೆಯುವುದನ್ನು ನಿಲ್ಲಿಸಿತೆನ್ನೋಣ. ಉರುಳುವಿಕೆಗೆ ತಡೆಯು ತೂಕದ ೫೦೦ರಲ್ಲಿ ಒಂದು ಭಾಗವೆಂದು ಇಟ್ಟುಕೊಂಡು, ಗಾಳಿಯ ತಡೆಯನ್ನು ಗಣನೆಗೆ ತಾರದಿದ್ದರೆ, ಆ ರೈಲು ನಿಲ್ಲುವ ಮುನ್ನ ಸುಮಾರು ೭ ಕಿಲೋಮೀಟರು ಸಾಗುತ್ತದೆ. ಅದೇ ವೇಗಕ್ಕೆ ಸಮನಾದ ಮಾದರಿಯ ವೇಗ ಸೆಕೆಂಡಿಗೆ ೨೨ ಸೆಂಟಿಮೀಟರು. ಮಾದರಿಯಲ್ಲಿ ತಡೆಯು ತೂಕದ ೪೦ರಲ್ಲಿ ಒಂದು ಭಾಗವಿದ್ದರೆ ಅದು ಸಾಗುವ ದೂರ ಕೇವಲ ೧೦ ಸೆಂಟಿಮೀಟರು. ಇದನ್ನು ೭೬ರಿಂದ ಗುಣಿಸಿದರೂ ಏಳೂವರೆ ಮೀಟರು ಮಾತ್ರ. ದೊಡ್ಡ ರೈಲು ಕಿಲೋಮೀಟರುಗಟ್ಟಲೆ ಸಾಗುವಲ್ಲಿ ಚಿಕ್ಕ ರೈಲು ಅಂಗೈಯುದ್ದಕ್ಕೇ ನಿಲ್ಲುತ್ತದೆ. ಎಂದರೆ, ಮಾದರಿ ಎಂಜಿನ್ನಿಗೆ ಹಿಂದಿನ ಓಟದ ಗಳಿಕೆಯಿಂದ ಮುಂದೆ ಸಾಗುವ ಭಾಗ್ಯವಿಲ್ಲ. ಪ್ರತಿಯೊಂದು ಕ್ಷಣವೂ ಅದಕ್ಕೆ ವಿದ್ಯುತ್ತಿನ ಆಹಾರ ದೊರೆಯುತ್ತಲೇ ಇರಬೇಕು.

ಆ ಆಹಾರವು ದೊರೆಯುವುದು ಹಳಿಯಿಂದ. ಒಂದು ಹಳಿಯಿಂದ ವಿದ್ಯುತ್ತು ಗಾಲಿಯ ಮೂಲಕ ಮೋಟಾರಿಗೆ ಬಂದು, ಇನ್ನೊಂದು ಬದಿಯ ಗಾಲಿಯ ಮೂಲಕ ಎರಡನೆಯ ಹಳಿಗೆ ಮರಳುತ್ತದೆ. ಹಳಿಯ ಮೇಲೆ ಕಣ್ಣಿಗೆ ಕಾಣದಷ್ಟು ಧೂಳು ಅಥವಾ ಜಿಡ್ಡು ಇದ್ದರೂ ಈ ಸಂಪರ್ಕ ಕಡಿಯುತ್ತದೆ. ಹಳಿಗಳು ಕವಲೊಡೆಯುವ ಪಾಯಿಂಟುಗಳಲ್ಲಿ ನಡುವೆ ಪ್ಲಾಸ್ಟಿಕ್ಕಿನ ತುಣುಕು ಇರುವುದೂ ಉಂಟು; ಅಲ್ಲಿ ವಿದ್ಯುತ್ತೇ ಇಲ್ಲ. ಆರಂಭದ ಪೆಟ್ಟಿಗೆಗಳಲ್ಲಿ ಕೊಡುವ ಅಗ್ಗದ ಎಂಜಿನ್ನಿಗೆ ಸಾಮಾನ್ಯವಾಗಿ ನಾಲ್ಕೇ ಗಾಲಿಗಳು, ಅವೂ ಹತ್ತಿರ ಹತ್ತಿರ. ಬದಿಗೆ ಎರಡು ಗಾಲಿಗಳಲ್ಲಿ ಒಂದು ಪ್ಲಾಸ್ಟಿಕ್ಕಿನ ಮೇಲೂ ಇನ್ನೊಂದು ಧೂಳಿನ ಮೇಲೂ ಬಿದ್ದರೆ ಎಂಜಿನ್ನು ಅಲ್ಲಿಯೇ ನಿಲ್ಲಬೇಕು. ಎಂಟು ಹತ್ತು ಗಾಲಿಗಳಿಂದಲೂ, ಟೆಂಡರಿನ ಗಾಲಿಗಳಿಂದಲೂ ವಿದ್ಯುತ್ತನ್ನು ಹೀರಿಕೊಳ್ಳುವ ಎಂಜಿನ್ನಿಗೆ ಈ ಕಷ್ಟವಿಲ್ಲ. ಓಟದ ಬೆಲೆಯಲ್ಲಿ ಮೊದಲನೆಯ ಅಂಶ ಇದು. ಹೊರಗಿನಿಂದ ನೋಡಿದರೆ ಕಾಣದ ನಾಲ್ಕಾರು ತಾಮ್ರದ ಪಟ್ಟಿಗಳೇ ಹೊರತು ಇದಕ್ಕೆ ಬೇರೆ ಆಡಂಬರವಿಲ್ಲ.

ಈ ಸಂಬಂಧದಲ್ಲಿ ಜರ್ಮನಿಯ ಮಾರ್ಕ್ಲಿನ್ ಸಂಸ್ಥೆಯ ಉದಾಹರಣೆ ಗಮನಾರ್ಹ. ೧೮೫೯ರಲ್ಲಿ ಗೊಪಿಂಗೆನ್ ಪಟ್ಟಣದಲ್ಲಿ ಆರಂಭವಾಗಿ, ೧೮೯೧ರಲ್ಲಿ ಆಟಿಕೆ ರೈಲುಗಳ ಹಳಿಗಳಿಗೆ ಗೊತ್ತಾದ ಅಳತೆಗಳನ್ನು ರೂಢಿಗೆ ತಂದ ಈ ಸಂಸ್ಥೆಯ ಎಂಜಿನ್ನುಗಳು ಅಗ್ಗವಾದವುಗಳಲ್ಲ. ಆದರೂ ಅವರ ಎಚ್‌ಓ ಹಳಿಯ ನಡುವೆ ಸಾಲಾಗಿ ಲೋಹದ ಮೊಳೆಗಳು ಕಾಣುತ್ತವೆ. ನಿಜವಾದ ರೈಲುಹಾದಿಯಲ್ಲಿ ಇಂಥವು ಇಲ್ಲ. ಎಂಜಿನ್ನಿನ ಕೆಳಗಿರುವ ಉದ್ದನೆಯ ಪಟ್ಟಿಯೊಂದು ಈ ಮೊಳೆಗಳ ಮೇಲೆ ಜಾರುತ್ತ ವಿದ್ಯುತ್ತನ್ನು ಪಡೆಯುತ್ತದೆ. ಎರಡು ಬದಿಯ ಹಳಿಗಳೂ ಅದರ ಮರುದಾರಿಯಾಗಿ ಕೆಲಸ ಮಾಡುತ್ತವೆ. ಇದರಿಂದ ಸಂಪರ್ಕ ಕಡಿಯುವ ಸಂಭವ ಬಹಳ ಕಡಮೆ. ದುಬಾರಿ ಎಂಜಿನ್ನುಗಳಿಗೆ ಹೆಸರಾದ ತಯಾರಕರೇ ಓಟಕ್ಕಾಗಿ ನೋಟವನ್ನು ತ್ಯಾಗ ಮಾಡಿದ್ದಾರೆ ಎಂಬುದನ್ನು ಕೊಳ್ಳುವವರು ನೆನಪಿನಲ್ಲಿಡುವುದು ಒಳ್ಳೆಯದು.

ಎರಡನೆಯ ಅಂಶ ಮೋಟಾರು ಮತ್ತು ಹಲ್ಲುಚಕ್ರಗಳು. ಅಗ್ಗದ ಮೋಟಾರಿನ ತಿರುಗುವ ಭಾಗಕ್ಕೆ ಮೂರು ಧ್ರುವಗಳಿರುತ್ತವೆ. ಪ್ರತಿಯೊಂದು ಧ್ರುವವೂ ಸುತ್ತಲಿನ ಅಯಸ್ಕಾಂತದ ಎದುರಿಗೆ ಬಂದಾಗ ಅಲ್ಲಿಯೇ ಅಂಟಿಕೊಳ್ಳಲು ನೋಡುವುದರಿಂದ ನಿಧಾನವಾದ ಚಲನೆಯು ಎಳೆದೆಳೆದು ಬಿಟ್ಟಂತೆ ಆಗುತ್ತದೆ. ಐದು ಧ್ರುವಗಳಿದ್ದು ಅವುಗಳ ನಡುವಣ ಸೀಳುಗಳು ಓರೆಯಾಗಿದ್ದರೆ ಈ ಜಗ್ಗಾಟ ಬಹುಮಟ್ಟಿಗೆ ತಗ್ಗುತ್ತದೆ. ಮೋಟಾರಿನ ಬಿರುಸಾದ ಸುತ್ತುಗಳನ್ನು ಗಾಲಿಯ ನಿಧಾನವಾದ ಸುತ್ತುಗಳಾಗಿ ಮಾರ್ಪಡಿಸುವುದು ವರ್ಮ್ ಎಂಬ ತಿರುಪಿನಾಕಾರದ ಹಲ್ಲುಚಕ್ರ. ಅದರಲ್ಲೊಂದು ವಿಚಿತ್ರ ಗುಣವಿದೆ: ಮೋಟಾರು ಗಾಲಿಯನ್ನು ತಿರುಗಿಸಬಲ್ಲುದು, ಗಾಲಿಯು ಮೋಟಾರನ್ನು ತಿರುಗಿಸಲಾರದು. ಆದುದರಿಂದ ವಿದ್ಯುತ್ತು ನಿಂತು ಮೋಟಾರು ತಡೆದರೆ ಗಾಲಿಗಳು ಬೀಗ ಹಾಕಿದಂತೆ ನಿಲ್ಲುತ್ತವೆ. ಮೇಲೆ ಹೇಳಿದ ೧೦ ಸೆಂಟಿಮೀಟರಿನ ಓಟವೂ ಎಂಜಿನ್ನಿಗೆ ದೊರೆಯುವುದಿಲ್ಲ.

ಇದಕ್ಕೆ ಪರಿಹಾರವಾಗಿ ಮೋಟಾರಿನ ಅಕ್ಷಕ್ಕೇ ಫ್ಲೈವೀಲ್ ಎಂಬ ಭಾರದ ಗಾಲಿಯನ್ನು ಜೋಡಿಸುತ್ತಾರೆ. ೧೦ ಗ್ರಾಂ ತೂಕದ, ೬ ಮಿಲಿಮೀಟರು ತ್ರಿಜ್ಯದ ಹಿತ್ತಾಳೆಯ ಗಾಲಿಯು ನಿಮಿಷಕ್ಕೆ ೬,೦೦೦ ಸುತ್ತು ತಿರುಗುತ್ತಿದೆಯೆಂದು ಇಟ್ಟುಕೊಂಡರೆ ಅದರಲ್ಲಿ ಅಡಗಿರುವ ಶಕ್ತಿ ಸುಮಾರು ೦.೦೩೬ ಜೂಲ್. ೩೦೦ ಗ್ರಾಂ ತೂಕದ ಇಡೀ ಎಂಜಿನ್ನು ಸೆಕೆಂಡಿಗೆ ೨೨ ಸೆಂಟಿಮೀಟರಿನಂತೆ ಹೋಗುವಾಗ ಅದರ ಚಲನಶಕ್ತಿ ಸುಮಾರು ೦.೦೦೭ ಜೂಲ್ ಮಾತ್ರ. ಬೆರಳ ತುದಿಯಷ್ಟು ದೊಡ್ಡದಾದ ಗಾಲಿಯಲ್ಲಿ ಇಡೀ ಎಂಜಿನ್ನಿನ ಐದರಷ್ಟು ಶಕ್ತಿ ತುಂಬಿದೆ! ಆದರೆ ಪೆಟ್ಟಿಗೆಯ ಮೇಲೆ ‘ಫ್ಲೈವೀಲ್ ಉಂಟು’ ಎಂದು ಬರೆದುದನ್ನು ಕಂಡೊಡನೆ ಮರುಳಾಗಬೇಕಾಗಿಲ್ಲ. ನಡೆಯುವ ಮನುಷ್ಯನ ವೇಗಕ್ಕೆ ಇಳಿದಾಗ ಸುತ್ತುಗಳು ಇಪ್ಪತ್ತರಲ್ಲಿ ಒಂದು ಭಾಗವಾಗುತ್ತವೆ. ಶಕ್ತಿಯಾದರೋ ೪೦೦ರಲ್ಲಿ ಒಂದು ಭಾಗವಾಗುತ್ತದೆ. ಹೀಗೆ, ಹೆಚ್ಚು ಅಗತ್ಯವಿರುವ ನಿಧಾನಗತಿಯಲ್ಲಿಯೇ ಫ್ಲೈವೀಲ್ ಕೈಕೊಡುತ್ತದೆ. ಅಲ್ಲಿ ನೆರವಾಗುವುದು ಹೆಚ್ಚು ಗಾಲಿಗಳ ಸಂಪರ್ಕ ಮತ್ತು ಒಳ್ಳೆಯ ಮೋಟಾರು. ೧೯೯೦ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘವು ಪ್ರಮಾಣೀಕರಿಸಿದ ಡಿಜಿಟಲ್ ನಿಯಂತ್ರಣವಿರುವ ಎಂಜಿನ್ನುಗಳಲ್ಲಾದರೆ, ಕೆಪ್ಯಾಸಿಟರಿನಲ್ಲಿ ವಿದ್ಯುತ್ತನ್ನು ಕೂಡಿಟ್ಟು ಕ್ಷಣಕಾಲದ ಕೊರತೆಯನ್ನು ತುಂಬಿಕೊಳ್ಳುವ ಏರ್ಪಾಡನ್ನೂ ಮಾಡಬಹುದು.

ಮೂರನೆಯ ಅಂಶ ಎಳೆಯುವ ಬಲ. ಎಂಜಿನ್ನು ಎಷ್ಟು ಎಳೆಯಬಲ್ಲುದೆಂಬುದು ಅದರ ಮೋಟಾರಿಗಿಂತಲೂ ಹೆಚ್ಚಾಗಿ, ಚಾಲಕ ಗಾಲಿಗಳ ಮೇಲೆ ಬೀಳುವ ತೂಕವನ್ನೂ ಗಾಲಿಗೂ ಹಳಿಗೂ ನಡುವಣ ಘರ್ಷಣೆಯನ್ನೂ ಅವಲಂಬಿಸಿದೆ. ೩೦೦ ಗ್ರಾಂ ತೂಕವೆಲ್ಲವೂ ಚಾಲಕ ಗಾಲಿಗಳ ಮೇಲಿದ್ದು ಘರ್ಷಣಾಂಕ ೦.೨ ಇದ್ದರೆ ಎಂಜಿನ್ನು ೬೦ ಗ್ರಾಂ ತೂಕದಷ್ಟು ಬಲದಿಂದ ಎಳೆಯಬಲ್ಲುದು. ಒಂದೊಂದು ೧೨೦ ಗ್ರಾಂ ತೂಗುವ ಎಂಟು ಡಬ್ಬಿಗಳನ್ನು ಅದಕ್ಕೆ ಕಟ್ಟೋಣ. ಒಟ್ಟು ತೂಕ ೯೬೦ ಗ್ರಾಂ. ತಡೆಯು ೪೦ರಲ್ಲಿ ಒಂದು ಭಾಗವಾದರೆ ೨೪ ಗ್ರಾಂ. ಸಮತಟ್ಟಾದ ಹಾದಿಯಲ್ಲಿ ಇದು ಸುಲಭ. ನಲವತ್ತು ಅಡಿಗೆ ಒಂದು ಅಡಿ ಏರುವ ಹಾದಿಯಲ್ಲಿ ಡಬ್ಬಿಗಳಿಗಾಗಿ ಇನ್ನೂ ೨೪ ಗ್ರಾಂ, ಎಂಜಿನ್ನೇ ಮೇಲೇರಬೇಕಾದುದಕ್ಕಾಗಿ ಏಳೂವರೆ ಗ್ರಾಂ ಸೇರಿ ಸುಮಾರು ೫೫ ಗ್ರಾಂ ಬೇಕು. ಎಂಜಿನ್ನು ಕಷ್ಟಪಟ್ಟು ಹತ್ತುತ್ತದೆ. ಆದರೆ ಒಡಲು ಬರಿಯ ಪ್ಲಾಸ್ಟಿಕ್ಕಿನದಾಗಿ ಎಂಜಿನ್ನಿನ ತೂಕ ೧೫೦ ಗ್ರಾಂ ಮಾತ್ರವಿದ್ದರೆ ಎಳೆತ ೩೦ ಗ್ರಾಮಿಗೆ ಇಳಿಯುತ್ತದೆ. ಗಾಲಿಗಳು ನಿಂತಲ್ಲಿಯೇ ತಿರುಗುತ್ತವೆ. ಈ ಕೊರತೆಯನ್ನು ಮುಚ್ಚಲು ಗಾಲಿಗೆ ರಬ್ಬರಿನ ಪಟ್ಟಿ ಸುತ್ತುವುದುಂಟು. ಘರ್ಷಣೆ ಹೆಚ್ಚುವುದೇನೋ ನಿಜ. ಆದರೆ ರಬ್ಬರು ಸುತ್ತಿದ ಗಾಲಿಯು ವಿದ್ಯುತ್ತನ್ನು ಹೀರಲಾರದು. ನಾಲ್ಕೇ ಗಾಲಿಗಳ ಎಂಜಿನ್ನಿನಲ್ಲಿ ಒಂದು ಗಾಲಿಯ ಸಂಪರ್ಕ ಹೋದರೆ ಉಳಿಯುವುದು ಮೂರು. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಂಡಂತಾಯಿತು.

ಇಷ್ಟು ಓದಿದವರು ನಾವು ದುಬಾರಿ ಎಂಜಿನ್ನುಗಳ ಪಕ್ಷಪಾತಿಗಳೆಂದು ಭಾವಿಸಬಹುದು. ಹಾಗಲ್ಲ, ಬೆಳ್ಳಗಿರುವುದೆಲ್ಲ ಹಾಲಲ್ಲ. ಕೂದಲಿನಷ್ಟು ತೆಳುವಾದ ಸರಳುಗಳು ಹತ್ತು ವರ್ಷದ ಮಗುವಿನ ಹಿಡಿತಕ್ಕೆ ತಕ್ಕವಲ್ಲ. ಮುರಿದ ಒಂದೊಂದು ಸರಳಿಗೂ ಮಗು ಬೈಗುಳ ತಿನ್ನಬೇಕಾಗುತ್ತದೆ. ಉದ್ದವಾದ ದುಬಾರಿ ಎಂಜಿನ್ನುಗಳಲ್ಲಿ ಅನೇಕವು ೪೩೮ ಮಿಲಿಮೀಟರಿಗಿಂತ ಕಡಮೆ ತ್ರಿಜ್ಯದ ತಿರುವಿನಲ್ಲಿ ಹೋಗಲಾರವು; ಮಕ್ಕಳ ಪೆಟ್ಟಿಗೆಯಲ್ಲಿಯೋ ಹಾರ್ನ್‌ಬಿಯವರ ಮೊದಲನೆಯ ತಿರುವಿನ ತ್ರಿಜ್ಯ ೩೭೧ ಮಿಲಿಮೀಟರು ಇರಬಹುದು. ಸತುವಿನ ಮಿಶ್ರಲೋಹದಲ್ಲಿ ಸೀಸದಂತಹ ಕಲ್ಮಷವು ಸೇರಿದ್ದರೆ ಕೆಲವು ವರ್ಷಗಳಲ್ಲಿ ಎರಕವು ಉಬ್ಬಿ ಬಿರುಕು ಬಿಡುತ್ತದೆ. ಈ ರೋಗಕ್ಕೆ ಅಗ್ಗ ದುಬಾರಿಗಳೆಂಬ ಭೇದವಿಲ್ಲ. ಧ್ವನಿ, ಹೊಗೆ, ದೀಪಗಳೆಂದು ಉಪಕರಣಗಳು ಹೆಚ್ಚಿದಷ್ಟೂ ಕೆಡಬಹುದಾದ ಭಾಗಗಳೂ ಹೆಚ್ಚುತ್ತವೆ. ಬೆಲೆಯ ಚೀಟಿಯಲ್ಲಿ ದೊಡ್ಡ ಸಂಖ್ಯೆಯಿದ್ದ ಮಾತ್ರಕ್ಕೆ ಓಟವು ತಾನಾಗಿಯೇ ಬಂದುಬಿಡುವುದಿಲ್ಲ.

ನೋಟದ ಪರವಾಗಿಯೂ ನ್ಯಾಯವಾದ ಮಾತುಗಳಿವೆ, ಅವನ್ನು ಮರೆಮಾಚಬಾರದು. ಮೂಲ ಎಂಜಿನ್ನುಗಳಲ್ಲಿ ಬಹುಪಾಲು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ರಿವೆಟ್ಟುಗಳ ಸಾಲನ್ನೂ ಕೊಳವೆಗಳ ತಿರುವನ್ನೂ ಹಳೆಯ ನಕ್ಷೆಗಳೊಡನೆ ಹೋಲಿಸಿ ಮಾಡಿದ ಮಾದರಿಯು ಒಂದು ಬಗೆಯ ಇತಿಹಾಸದ ದಾಖಲೆ. ಇಂತಹ ವಸ್ತುವನ್ನು ಪ್ರಾಪ್ತವಯಸ್ಕರೊಬ್ಬರು ತಮ್ಮ ಸ್ವಂತ ಗಳಿಕೆಯಿಂದ ಕೊಂಡು ಗಾಜಿನ ಬೀರುವಿನಲ್ಲಿಟ್ಟು ಸಂತೋಷಪಟ್ಟರೆ ಅದನ್ನು ಹಣದ ದುರ್ವ್ಯಯವೆಂದು ಹಳಿಯಲು ಯಾರಿಗೂ ಅಧಿಕಾರವಿಲ್ಲ. ಆದರೆ ‘ಇದು ಮುಂದೆ ಹೆಚ್ಚು ಬೆಲೆಗೆ ಹೋಗುತ್ತದೆ’ ಎಂಬ ಸಮಾಧಾನವನ್ನು ಮಾತ್ರ ಒಪ್ಪುವುದು ಕಷ್ಟ. ತಯಾರಕರು ಅದೇ ಎಂಜಿನ್ನನ್ನು ಇನ್ನೂ ಸೂಕ್ಷ್ಮವಾದ ಹೊಸ ಅಚ್ಚಿನಲ್ಲಿ ಹೊರತಂದ ದಿನ ಹಳೆಯದರ ನೋಟದ ಬೆಲೆ ಇಳಿಯುತ್ತದೆ. ಓಟದ ಬೆಲೆಯಾದರೋ ಅಂದೂ ಇದ್ದಂತೆಯೇ ಇರುತ್ತದೆ.

ಹಾಗಾದರೆ ಕೊಳ್ಳುವವನು ಏನು ಮಾಡಬೇಕು? ಅಂಗಡಿಯಲ್ಲಿ ಒಂದೆರಡು ಮೀಟರು ಹಳಿಯೂ ವೇಗವನ್ನು ನಿಯಂತ್ರಿಸುವ ಕಂಟ್ರೋಲರೂ ಇದ್ದರೆ ನಾಲ್ಕು ಪರೀಕ್ಷೆಗಳು ಸಾಕು. ಮೊದಲನೆಯದಾಗಿ, ಗುಂಡಿಯನ್ನು ಮೆಲ್ಲಮೆಲ್ಲನೆ ತಿರುಗಿಸಿ ಎಂಜಿನ್ನನ್ನು ಆದಷ್ಟು ನಿಧಾನವಾಗಿ ನಡೆಸಬೇಕು. ಗಂಟೆಗೆ ೩ ಕಿಲೋಮೀಟರಿನ ಮನುಷ್ಯನ ನಡಿಗೆಗೆ ಸಮನಾಗಬೇಕಾದರೆ ಓಓ ಎಂಜಿನ್ನು ೩೦ ಸೆಂಟಿಮೀಟರು ಹಾದಿಯನ್ನು ಸುಮಾರು ೨೭ ಸೆಕೆಂಡುಗಳಲ್ಲಿ ಕ್ರಮಿಸಬೇಕು. ಇದರ ಹತ್ತಿರಕ್ಕೆ ಬಂದರೂ ಅದು ಉತ್ತಮ ಎಂಜಿನ್ನೇ. ಎರಡನೆಯದಾಗಿ, ಹಳಿಗೂ ಒಂದು ಗಾಲಿಗೂ ನಡುವೆ ತೆಳುವಾದ ಕಾಗದದ ಚೂರನ್ನು ಇಟ್ಟು ನೋಡಬೇಕು. ಆಗಲೂ ಮೋಟಾರು ತಿರುಗುತ್ತಿದ್ದರೆ ಉಳಿದ ಗಾಲಿಗಳು ಕರ್ತವ್ಯವನ್ನು ಮಾಡುತ್ತಿವೆ ಎಂದರ್ಥ. ಮೂರನೆಯದಾಗಿ, ಓಡುತ್ತಿರುವ ಎಂಜಿನ್ನನ್ನು ಬೆರಳಿನಿಂದ ಮೆಲ್ಲಗೆ ತಡೆದಾಗ ಗಾಲಿಗಳು ಜಾರಿ ತಿರುಗಬೇಕೇ ಹೊರತು ಮೋಟಾರು ಉಸಿರುಗಟ್ಟಿ ನಿಲ್ಲಬಾರದು. ನಿಂತ ಮೋಟಾರು ಬಿಸಿಯಾಗಿ ಸುಡುತ್ತದೆ. ನಾಲ್ಕನೆಯದು ಅಂಗಡಿಯವನಿಗೆ ಕೇಳಬೇಕಾದ ಪ್ರಶ್ನೆ: ಮೋಟಾರು, ಹಲ್ಲುಚಕ್ರಗಳು ಬಿಡಿಯಾಗಿ ದೊರೆಯುತ್ತವೆಯೇ? ಎಂಜಿನ್ನು ತಡವರಿಸಿದಾಗ ಮಾರುವವನು ಹಳಿಯನ್ನು ದೂರಿದರೆ ‘ಕುಣಿಯಲಾರದವರು ನೆಲ ಡೊಂಕೆಂದರು’ ಎಂಬ ಗಾದೆ ನೆನಪಾಗುವುದು ಸಹಜ. ಆದರೆ ಇಲ್ಲಿ ನೆಲ ನಿಜವಾಗಿಯೂ ಡೊಂಕಿರಬಹುದು. ಹಳಿಯನ್ನೂ ಗಾಲಿಗಳನ್ನೂ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ಇನ್ನೊಮ್ಮೆ ಓಡಿಸಿ ನೋಡಿದ ಮೇಲೆಯೇ ತೀರ್ಪು ಕೊಡುವುದು ನ್ಯಾಯ.

ಈ ಪರೀಕ್ಷೆಗಳಲ್ಲಿ ತೇರ್ಗಡೆಯಾಗುವ ಅಗ್ಗದ ಶ್ರೇಣಿಯ ಎಂಜಿನ್ನುಗಳು ಇಲ್ಲದಿಲ್ಲ. ಆರು ಅಥವಾ ಎಂಟು ಗಾಲಿಗಳಿಂದ ವಿದ್ಯುತ್ತನ್ನು ಪಡೆಯುವ, ಲೋಹದ ಅಡಿಗಟ್ಟಿರುವ, ಒಡಲು ಮಾತ್ರ ಸಾದಾ ಆಗಿರುವ ಡೀಸೆಲ್ ಅಥವಾ ವಿದ್ಯುತ್ ಎಂಜಿನ್ನಿನ ಮಾದರಿಯೇ ಮಗುವಿಗೆ ಮೊದಲ ಕೊಡುಗೆಯಾಗಿ ಸರಿಯಾದುದೆಂದು ನಮ್ಮ ಅಭಿಪ್ರಾಯ. ನಾಲ್ಕು ಗಾಲಿಗಳ ಅತ್ಯಂತ ಅಗ್ಗದ ಎಂಜಿನ್ನನ್ನು ಕೊಡುವುದಕ್ಕಿಂತ ಇನ್ನು ಕೆಲವು ತಿಂಗಳು ಕಾದು ಹಣ ಕೂಡಿಸುವುದು ಲೇಸು. ಹಾಗೆಯೇ ಅತ್ಯಂತ ದುಬಾರಿಯಾದುದರಲ್ಲಿ ಹೂಡುವ ಹಣವನ್ನು ಒಂದು ಸಾದಾ ಎಂಜಿನ್ನು, ಒಳ್ಳೆಯ ಕಂಟ್ರೋಲರು ಮತ್ತು ಇನ್ನಷ್ಟು ಹಳಿ ಎಂದು ಮೂರು ಭಾಗ ಮಾಡಿದರೆ ಮಗುವಿಗೆ ಆಗುವ ಲಾಭ ಹೆಚ್ಚು.

ನಮ್ಮ ದೇಶಕ್ಕೆ ತರುವವರಿಗೆ ಎರಡು ಮಾತು. ಬ್ರಿಟನ್ ಮತ್ತು ಜರ್ಮನಿಗಳಲ್ಲಿ ಮನೆಗೆ ಬರುವ ವಿದ್ಯುತ್ತು ನಮ್ಮಲ್ಲಿಯಂತೆಯೇ ೨೩೦ ವೋಲ್ಟಿನದು. ಅಲ್ಲಿಂದ ತಂದ ಕಂಟ್ರೋಲರು ಪ್ಲಗ್ಗಿನ ಆಕಾರವೊಂದನ್ನು ಬಿಟ್ಟರೆ ಇಲ್ಲಿಯೂ ನಡೆಯುತ್ತದೆ. ಅಮೆರಿಕದ ೧೨೦ ವೋಲ್ಟಿನ ಟ್ರಾನ್ಸ್‌ಫಾರ್ಮರನ್ನು ಇಲ್ಲಿ ನೇರವಾಗಿ ಸಿಕ್ಕಿಸಿದರೆ ಅದು ಸುಟ್ಟುಹೋಗುತ್ತದೆ. ೧೦೦ರಿಂದ ೨೪೦ ವೋಲ್ಟಿಗೆ ಎಂದು ಅದರ ಮೇಲೆ ನಮೂದಿಸಿದ್ದರೆ ಮಾತ್ರ ಭಯವಿಲ್ಲ. ಇನ್ನೊಂದು ಸಂಗತಿ: ನಮ್ಮ ಬ್ರಾಡ್‌ಗೇಜ್ ಹಳಿಗಳ ಅಂತರ ೧೬೭೬ ಮಿಲಿಮೀಟರು. ೮೭ರಲ್ಲಿ ಒಂದು ಭಾಗ ಎಂದರೆ ೧೯.೩ ಮಿಲಿಮೀಟರು. ಅಂಗಡಿಯ ಎಚ್‌ಓ ಹಳಿಯ ಮೇಲೆ ಭಾರತೀಯ ರೈಲನ್ನು ಓಡಿಸುವವರು ಬ್ರಿಟಿಷ್ ಹವ್ಯಾಸಿಗಳು ಮಾಡಿಕೊಂಡ ರಾಜಿಯನ್ನು ತಾವೂ ಮಾಡಿಕೊಳ್ಳಬೇಕಾಗುತ್ತದೆ. ಅದರಿಂದ ಓಟಕ್ಕೆ ಯಾವ ಬಾಧಕವೂ ಇಲ್ಲ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಪಾಠ ಹೇಳುವ ನಮ್ಮಂಥವರಿಗೆ ಈ ವಿಷಯ ಇನ್ನೊಂದು ಮುಖದಿಂದ ಪರಿಚಿತ. ಮುಳ್ಳು ಅಂಟಿಕೊಳ್ಳುವ ಗ್ಯಾಲ್ವನೋಮೀಟರಿನ ಮುಂದೆ ಕುಳಿತ ವಿದ್ಯಾರ್ಥಿಯು ಉಪಕರಣವನ್ನು ಸಂದೇಹಿಸುವುದಿಲ್ಲ. ತನ್ನನ್ನು ಸಂದೇಹಿಸುತ್ತಾನೆ, ಕೆಲವೊಮ್ಮೆ ಓಮನ ನಿಯಮವನ್ನೇ ಸಂದೇಹಿಸುತ್ತಾನೆ. ಅದೇ ಮೀಟರನ್ನು ಮೆರುಗು ಕೊಟ್ಟ ತೇಗದ ಪೆಟ್ಟಿಗೆಯಲ್ಲಿಟ್ಟು ಹಿತ್ತಾಳೆಯ ಮೂಲೆಗಟ್ಟು ಹಾಕಿದರೂ ಮುಳ್ಳು ಅಂಟಿಕೊಳ್ಳುವುದು ತಪ್ಪುವುದಿಲ್ಲ. ಆತನಿಗೆ ಬೇಕಾದುದು ಸಾದಾ ತಗಡಿನ ಡಬ್ಬಿಯಲ್ಲಿದ್ದರೂ ನಿಜವನ್ನು ನುಡಿಯುವ ಮೀಟರು. ಗುಂಡಿಯನ್ನು ಇಷ್ಟು ತಿರುಗಿಸಿದರೆ ಇಷ್ಟು ವೇಗ, ಏರು ಬಂದರೆ ಇಷ್ಟು ಎಳೆತ, ಧೂಳನ್ನು ಒರಸಿದರೆ ಮತ್ತೆ ಓಟ ಎಂದು ಪ್ರತಿಯೊಂದು ಪ್ರಶ್ನೆಗೂ ಪ್ರಾಮಾಣಿಕವಾದ ಉತ್ತರ ಕೊಡುವ ಎಂಜಿನ್ನು ಮಗುವಿನ ಪಾಲಿಗೆ ಇಂತಹ ಒಂದು ಉಪಕರಣವೇ. ಕೈಸರಳುಗಳನ್ನು ದೊಡ್ಡವನಾದ ಮೇಲೆ ಆತನೇ ತಂತಿಯಿಂದ ಮಾಡಿ ಜೋಡಿಸಿಕೊಂಡಾನು. ಯಂತ್ರದ ಮೇಲಿನ ನಂಬಿಕೆಯು ಒಮ್ಮೆ ಮುರಿದರೆ ಅದನ್ನು ಹಾಗೆ ಜೋಡಿಸಲು ಬರುವುದಿಲ್ಲ. ಆದುದರಿಂದ ಓಟಕ್ಕೆ ಮೊದಲು ಹಣ ಕೊಡಿ. ಕೈಯಲ್ಲಿ ಮಿಕ್ಕರೆ ನೋಟಕ್ಕೆ ಕೊಡಿ.